ಬಲೆಯ ಹುರಿಯೋ, ರೇಷ್ಮೆಯ ನೂಲೋ

ನಾನು ಸುಂಕದ ಇಲಾಖೆಯಲ್ಲಿದ್ದೆ ಎಂದು ಗೊತ್ತಾದ ಕೂಡಲೇ ಜನ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಚಿನ್ನದ ಗಟ್ಟಿ, ಸಮುದ್ರದಲ್ಲಿ ದೋಣಿಯ ಬೆನ್ನು ಹತ್ತುವುದು, ಕೈಯಲ್ಲಿ ಪಿಸ್ತೂಲು, ಇಂಥದ್ದು ಏನಾದರೂ ಬರುತ್ತದೆ ಎಂದು ಕಾಯುತ್ತಾರೆ. ನನ್ನ ಇಡೀ ನೌಕರಿಯಲ್ಲಿ ನಾನು ಪಿಸ್ತೂಲು ಮುಟ್ಟಿದ್ದು ಒಂದೇ ಸಲ. ಅದು ಆಟಿಕೆಯೋ ಆಯುಧವೋ ಎಂದು ತೀರ್ಮಾನ ಬರೆಯಬೇಕಿತ್ತು. ಒತ್ತಿ ನೋಡಿದೆ, ಅದರ ಬಾಯಿಂದ ನೀರು ಚಿಮ್ಮಿತು, ಆಟಿಕೆ ಎಂದು ಬರೆದೆ.

ಅದೇ ನನ್ನ ಕೆಲಸ. ಹೊರದೇಶದಿಂದ ಬಂದ ವಸ್ತುವನ್ನು ಕೈಯಲ್ಲಿ ಹಿಡಿದು ಇದು ಇಂಥದ್ದು ಎಂದು ಹೇಳುವುದು. ಸುಂಕದ ಪುಸ್ತಕದಲ್ಲಿ ಲೋಕದ ಸಾಮಾನನ್ನೆಲ್ಲ ಬೇರೆ ಬೇರೆ ವರ್ಗ ಮಾಡಿ, ಒಂದೊಂದು ವರ್ಗಕ್ಕೆ ಒಂದೊಂದು ದರ ಹಾಕಿರುತ್ತಾರೆ. ಬಂದ ವಸ್ತು ಯಾವ ವರ್ಗದ್ದು ಎಂದು ಗೊತ್ತಾಗದ ಹೊರತು ಸುಂಕವಿಲ್ಲ. ಕೇಳುವುದಕ್ಕೆ ಬಹಳ ಸಪ್ಪೆ. ಆದರೆ ತಪ್ಪು ವರ್ಗಕ್ಕೆ ಹಾಕಿದರೆ ಒಬ್ಬನ ವ್ಯಾಪಾರ ಮುಳುಗುತ್ತದೆ, ಇಲ್ಲವೇ ಸರಕಾರಕ್ಕೆ ಟೋಪಿ ಬೀಳುತ್ತದೆ. ನಾನು ಈ ಕೆಲಸವನ್ನು ಚೆನ್ನಾಗಿ ಮಾಡಿದೆ. ವಿನಯಕ್ಕಾಗಿ ಬೇರೆ ಏನಾದರೂ ಹೇಳುವ ವಯಸ್ಸು ನನ್ನದಲ್ಲ.

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ಬಂದರುಗಳ ಮಧ್ಯೆಯೇ ನನ್ನನ್ನು ಹಿಂದೆ ಮುಂದೆ ವರ್ಗಾಯಿಸುತ್ತಿದ್ದರು. ಐವತ್ತರ ದಶಕದ ಕೊನೆ, ಅರವತ್ತರ ದಶಕದ ಮೊದಲ ವರ್ಷಗಳು. ದೊಡ್ಡ ಬಂದರಿನವರಿಗೆ ನಮ್ಮ ಮೇಲೆ ಸ್ವಲ್ಪ ತಾತ್ಸಾರ. ಅಲ್ಲಿ ಬಟ್ಟೆ ನೋಡುವವನು ಜೀವಮಾನವಿಡೀ ಬಟ್ಟೆ ನೋಡುತ್ತಾನೆ, ಯಂತ್ರ ನೋಡುವವನು ಯಂತ್ರ. ನಮ್ಮಲ್ಲಿ ಹಾಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಖರ್ಜೂರ, ಮಧ್ಯಾಹ್ನ ಗಡಿಯಾರ, ಸಂಜೆಗೆ ಯಾರದೋ ಕೊಲಂಬೋ ಪೆಟ್ಟಿಗೆ. ಎಲ್ಲದಕ್ಕೂ ಒಬ್ಬನೇ ಉತ್ತರ ಹೇಳಬೇಕು.

ಹೊನ್ನಾವರದಲ್ಲಿ ನನ್ನ ಮೊದಲ ಮೇಲಧಿಕಾರಿ ಕಾಮತ ಸಾಹೇಬರು. ತೆಳ್ಳಗಿನ ಮನುಷ್ಯ, ಯಾವಾಗಲೂ ಅರ್ಧ ತೋಳಿನ ಅಂಗಿ, ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಮರಾಠಿ. ಒಂದು ದಿನ ಖರ್ಜೂರ ತಂದ ಅರಬರ ಹಡಗಿನಲ್ಲಿ ಕೆಲವು ಡಬ್ಬಿ ಎಣ್ಣೆ ಸಿಕ್ಕಿತು. ಕಾಗದದಲ್ಲಿ ಮೀನೆಣ್ಣೆ ಎಂದು ಬರೆದಿತ್ತು. ನಾನು ಪುಸ್ತಕ ಬಿಚ್ಚಿ, ಮಕ್ಕಳಿಗೆ ಕುಡಿಸುವ ಔಷಧಿಯ ಮೀನೆಣ್ಣೆಯ ಪುಟವನ್ನು ಹುಡುಕಿ, ಬಹಳ ಖುಷಿಯಿಂದ ಅವರ ಮುಂದೆ ಹಿಡಿದೆ.

"ಪುಸ್ತಕ ಮುಚ್ಚು," ಅಂದರು. "ಮೊದ್ಲು ಡಬ್ಬಿ ತೆಗಿ."

ತೆಗೆದೆ. ಹೊನ್ನಾವರದ ಪಕ್ಕದ ಕಾಸರಕೋಡಿನ ಒಣಮೀನಿನ ಗಾಳಿಯಲ್ಲೇ ಬೆಳೆದ ಮೂಗು ನನ್ನದು. ಆದರೂ ತಲೆ ತಿರುಗಿ ಬೀಳುವ ಹಾಗಾಯಿತು.

"ಈಗ ಹೇಳು. ಯಾವ ತಾಯಿ ಇದನ್ನ ಮಗೀಗೆ ಕುಡಿಸ್ತಾಳೆ?"

ಹಡಗಿನ ನಾಖುದಾ, ಅಂದರೆ ಅದರ ಯಜಮಾನ, ನಮ್ಮ ಮುಖ ನೋಡಿ ನಕ್ಕು ಹಡಗಿನ ಪಕ್ಕದ ಹಲಗೆಯನ್ನು ತಟ್ಟಿ ತೋರಿಸಿದ. ಮರ ಕೆಡದ ಹಾಗೆ ಹಡಗಿಗೆ ಬಳಿಯುವ ಎಣ್ಣೆ ಅದು. ಮಾರಾಟದ ಮಾಲೇ ಅಲ್ಲ, ಹಡಗಿನ ಸ್ವಂತ ಖರ್ಚಿನದು. ಸುಂಕದ ಪ್ರಶ್ನೆಯೇ ಏಳುವುದಿಲ್ಲ. ದಡಕ್ಕೆ ಬಂದ ಮೇಲೆ ಕಾಮತರು ಒಂದು ಮಾತು ಹೇಳಿದರು: "ಕಾಗದ ಎರಡನೇ ಸಾಕ್ಷಿ. ಮಾಲೇ ಮೊದಲನೇ ಸಾಕ್ಷಿ. ಅದನ್ನ ಕೇಳದೇ ಒಂದಕ್ಷರ ಬರೀಬೇಡ." ಈಗ ಇಲಾಖೆಗೆ ಸೇರುವವರಿಗೆ ತರಬೇತಿ ಶಾಲೆಗಳಿವೆ, ದಪ್ಪ ದಪ್ಪ ವಿವರಣೆ ಪುಸ್ತಕಗಳಿವೆ. ನನಗೆ ಸಿಕ್ಕಿದ ತರಬೇತಿ ಆ ಡಬ್ಬಿಯ ಮುಚ್ಚಳ ತೆಗೆದದ್ದಷ್ಟೇ. ಅದು ಮೂವತ್ತು ವರ್ಷಕ್ಕೆ ಸಾಕಾಯಿತು.

ಭಟ್ಕಳದ ಗಮ್ಮತ್ತೇ ಬೇರೆ. ಅಲ್ಲಿಯ ನವಾಯತ ಮುಸ್ಲಿಂ ವ್ಯಾಪಾರಿಗಳು ಕೊಲಂಬೋದಿಂದಲೋ ಮತ್ತೆಲ್ಲಿಂದಲೋ ಊರಿಗೆ ಬರುವಾಗ ಮನೆಗೆ ಒಂದಿಷ್ಟು ಸಾಮಾನು ತರುತ್ತಿದ್ದರು. ಮಾತಿನಲ್ಲಿ ಅವರನ್ನು ಗೆಲ್ಲುವುದು ಕಷ್ಟ, ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅದಕ್ಕಿಂತ ಕಷ್ಟ, ಅಷ್ಟು ಮರ್ಯಾದೆಯ ಜನ. ಒಬ್ಬ ಹಿರಿಯರು ಒಂದು ದೊಡ್ಡ ಮರದ ಪೆಟ್ಟಿಗೆ ಇಳಿಸಿದರು. ಹೊಳೆಯುವ ಬಾಗಿಲು, ಹಿತ್ತಾಳೆಯ ಹಿಡಿ. ಬಾಗಿಲು ತೆಗೆದರೆ ಒಳಗೆ ರೇಡಿಯೋ, ಅದರ ಕೆಳಗೆ ಗ್ರಾಮೊಫೋನು.

"ಇದು ಕಪಾಟು ಸಾಬ್," ಅಂದರು ಅವರು, ಗಡ್ಡ ನೀವಿಕೊಂಡು. "ಹಾಡ್ತದೆ, ಅಷ್ಟೇ."

ಕಪಾಟಿಗೆ ಕಡಿಮೆ ದರ, ರೇಡಿಯೋಗೆ ಹೆಚ್ಚಿನ ದರ. ನಾನು ಕೇಳಿದೆ: "ಸಾಹೇಬರೇ, ಒಳಗಿನ ರೇಡಿಯೋ ತೆಗೆದು ನಾನು ಇಟ್ಟುಕೊಳ್ಳುತ್ತೇನೆ. ಕಪಾಟು ನೀವು ತೆಗೆದುಕೊಂಡು ಹೋಗಿ. ಸುಂಕವೇ ಬೇಡ. ಆಗಬಹುದೋ?"

ಅವರು ಹೊಟ್ಟೆ ಕುಣಿಯುವ ಹಾಗೆ ನಕ್ಕು, "ಖಾಲಿ ಕಪಾಟು ತಕಂಡು ಹೋದ್ರೆ ಮನೇಲಿ ನನ್ನ ಅದರೊಳಗೇ ಹಾಕಿ ಬೀಗ ಹಾಕ್ತಾರೆ," ಅಂದರು. ರೇಡಿಯೋ ಎಂದು ಬರೆದೆ. ಅವರು ತಕರಾರಿಲ್ಲದೆ ಸುಂಕ ಕಟ್ಟಿದರು. ಮುಂದೆ ಪೇಟೆಯಲ್ಲಿ ಎದುರಾದಾಗಲೆಲ್ಲ, "ಕಪಾಟು ಚೆನ್ನಾಗಿ ಹಾಡ್ತಾ ಉಂಟು," ಎಂದು ವರದಿ ಕೊಡುತ್ತಿದ್ದರು.

ಇವೆಲ್ಲ ನಗೆಯ ಸಂಗತಿಗಳು. ನಗೆ ಇಲ್ಲದ್ದು ಒಂದಿದೆ. ನನ್ನ ವೃತ್ತಿಯಲ್ಲಿ ನಾನು ಎದೆ ತಟ್ಟಿ ಹೇಳಿಕೊಳ್ಳುವುದೂ ಅದೇ.

ಆಗ ನಾನು ಕುಮಟೆಯಲ್ಲಿದ್ದೆ. ಹತ್ತಿರದ ತದಡಿಯ ಮೀನುಗಾರರು ಒಂದು ಸಹಕಾರಿ ಸಂಘ ಕಟ್ಟಿದ್ದರು. ಅಧ್ಯಕ್ಷ ಜಟ್ಟಪ್ಪ ಎಂಬ ಗಟ್ಟಿ ಆಳು. ಅವನ ಹಿಂದೆ ನಿಂತು ಸಂಘ ನಡೆಸುತ್ತಿದ್ದವಳು ಅವನ ಅಕ್ಕ ಮಾದೇವಿ ಎಂದು ಊರಿಗೆಲ್ಲ ಗೊತ್ತಿತ್ತು. ಸೆಣಬಿನ ಮತ್ತು ಹತ್ತಿಯ ಬಲೆಗಳು ನೀರಿನಲ್ಲಿ ಬೇಗ ಕೊಳೆಯುತ್ತವೆ, ಭಾರಕ್ಕೆ ಹರಿಯುತ್ತವೆ. ನೈಲಾನ್ ಹುರಿಯ ಬಲೆ ಎಂಬ ಹೊಸದು ಬಂದಿದೆಯಂತೆ, ಹರಿಯುವುದೇ ಇಲ್ಲವಂತೆ ಎಂಬ ಸುದ್ದಿ ಕರಾವಳಿಯಲ್ಲೆಲ್ಲ ಹಬ್ಬಿತ್ತು. ಸಂಘದವರು ಪರವಾನಗಿ ಪಡೆದು ಜಪಾನಿನಿಂದ ಆ ಹುರಿಯನ್ನು ತರಿಸಿದರು. ಬೊಂಬಾಯಿಯಲ್ಲಿ ಇಳಿದ ಮೂಟೆಗಳಿಗೆ ಮೊಹರು ಹಾಕಿ, ಸುಂಕದ ತೀರ್ಮಾನ ಕುಮಟೆಯಲ್ಲಿ ಆಗಲಿ ಎಂದು ನಮಗೆ ಕಳಿಸಿದರು. ಮಳೆಗಾಲಕ್ಕೆ ಬಂದರು ಮುಚ್ಚುವ ಮೊದಲು ಬಂದ ಕೊನೆಯ ಸ್ಟೀಮರಿನಲ್ಲಿ ಅವು ಬಂದವು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗುವಂತಿಲ್ಲ. ಬಲೆ ಹೆಣೆಯುವುದು ಆಗಲೇ. ಮನೆಮನೆಯ ಜಗಲಿಯಲ್ಲಿ ಗಂಡಸರು ಹೆಂಗಸರು ಮುದುಕರು ಕುಳಿತು ಹೆಣೆದರೆ, ಶ್ರಾವಣದ ನೂಲ ಹುಣ್ಣಿಮೆ ಕಳೆದು ದೋಣಿ ಇಳಿಸುವ ಹೊತ್ತಿಗೆ ಬಲೆ ತಯಾರು. ಮಳೆ ಬೀಳುವ ಮೊದಲು ಹುರಿ ಕೈಗೆ ಸಿಗದಿದ್ದರೆ ಇಡೀ ಹಂಗಾಮು ಹೋದ ಹಾಗೆ. ಹಳೆಯ ಬಲೆಗಳನ್ನು ತೇಪೆ ಹಾಕದೆ ಬಿಟ್ಟು, ಇದನ್ನೇ ನಂಬಿ ಕುಳಿತಿದ್ದರು ಅವರು.

ಮೂಟೆ ಬಿಚ್ಚಿ ನೋಡಿದೆ. ಬೆಳ್ಳಗೆ, ನುಣ್ಣಗೆ, ಹಲವು ಎಳೆ ಸೇರಿಸಿ ಬಿಗಿಯಾಗಿ ಹೊಸೆದ ಹುರಿ. ಹಗ್ಗ ಮತ್ತು ಹುರಿಯ ವರ್ಗಕ್ಕೆ ಹಾಕಿದೆ. ಅದರ ದರ ಕಡಿಮೆ. ಮಾದರಿಯ ಮೂರು ಲಡಿ ತೆಗೆದು ಮೊಹರು ಹಾಕಿ, ಒಂದನ್ನು ದೊಡ್ಡ ಕಚೇರಿಗೆ ಕಳಿಸಿ, ಒಂದನ್ನು ನಮ್ಮ ಕಪಾಟಿನಲ್ಲಿಟ್ಟು, ಮೂರನೆಯದನ್ನು ಕ್ರಮದಂತೆ ಮಾಲಿನ ಧಣಿಯಾದ ಸಂಘಕ್ಕೆ ಕೊಟ್ಟೆ. ಮೂಟೆಗಳು ಗೋದಾಮಿನಲ್ಲಿ ಉಳಿದವು, ಮೇಲಿನವರ ಒಪ್ಪಿಗೆ ಬರಬೇಕಿತ್ತು.

ಒಪ್ಪಿಗೆಯ ಬದಲು ದೇಶಪಾಂಡೆ ಸಾಹೇಬರೇ ಬಂದರು. ಧಾರವಾಡದ ಕಡೆಯವರು, ಮಾಲಿನ ವರ್ಗ ಗೊತ್ತುಮಾಡುವುದರಲ್ಲಿ ದೊಡ್ಡ ಹೆಸರು. ನೈಲಾನ್ ಸೀರೆಯ ಹುಚ್ಚು ಹಿಡಿದಿದ್ದ ಕಾಲ ಅದು. ನೈಲಾನ್ ನೂಲಿಗೆ ಭಾರಿ ಸುಂಕ. ಎಲ್ಲೋ ಯಾರೋ ಬಲೆಯ ಹುರಿ ಎಂದು ತರಿಸಿ, ತಿರುವು ಬಿಚ್ಚಿ, ನೂಲು ಮಾಡಿ ಮಗ್ಗದವರಿಗೆ ಮಾರಿದ್ದಾರೆ ಎಂಬ ಗುಮಾನಿ ಇತ್ತು. ನಮ್ಮ ಮೂಟೆಗಳನ್ನೂ ನೈಲಾನನ್ನೂ ಸೇರಿಸಿದ್ದ ಕೃತಕ ರೇಷ್ಮೆಯ ನೂಲಿನ ವರ್ಗಕ್ಕೇ ಹಾಕಬೇಕು ಎಂದು ಅವರು ಮುಕ್ಕಾಲು ಪಾಲು ತೀರ್ಮಾನಿಸಿಕೊಂಡೇ ಬಂದಿದ್ದರು. ಆ ದರ ಬಿದ್ದರೆ ಸಂಘದವರು ಮಾಲು ಬಿಡಿಸಿಕೊಳ್ಳುವ ಮಾತೇ ಇರಲಿಲ್ಲ.

"ಮೂರೂ ಮಾದರಿ ತರ್ರಿ, ತಾಳೆ ನೋಡೋಣು," ಅಂದರು.

ತಾವು ತಂದಿದ್ದ ಲಡಿಯನ್ನು ಮೇಜಿನ ಮೇಲಿಟ್ಟರು. ನಮ್ಮ ಕಪಾಟಿನದನ್ನು ನಾನಿಟ್ಟೆ. ಎರಡೂ ಒಂದೇ, ಮಲ್ಲಿಗೆಯಷ್ಟು ಬಿಳಿ. ಆಮೇಲೆ ಜಟ್ಟಪ್ಪ ತನ್ನದನ್ನು ಇಟ್ಟ. ಅದು ಕಂದು ಬಣ್ಣಕ್ಕೆ ತಿರುಗಿತ್ತು. ಮರದ ತೊಗಟೆಯ ಚಕ್ಕೆಯ ಚೊಗರು ವಾಸನೆ ಕೋಣೆಯನ್ನೆಲ್ಲ ತುಂಬಿತು. ಅಷ್ಟೇ ಅಲ್ಲ, ಅದರ ಒಂದು ತುದಿಯನ್ನು ಅಂಗೈ ಅಗಲ ಬಲೆಯಾಗಿ ಹೆಣೆದೂ ಆಗಿತ್ತು.

ನಾನು ಲಡಿಯನ್ನು ತಿರುವಿ ಮೊಹರು ಹುಡುಕಿದೆ, ಇರಲಿಲ್ಲ.

"ಇದೇನ್ರೀ ಇದು?" ದೇಶಪಾಂಡೆಯವರ ಧ್ವನಿ ಏರಿತು. "ಮುದ್ರಿ ಒಡದ್ರಿ, ಬಣ್ಣಾ ಹಚ್ಚಿದ್ರಿ, ಗಂಟೂ ಹಾಕಿದ್ರಿ. ಇನ್ನ ನಾ ಏನ್ ನೋಡ್ಲಿ?"

ಜಟ್ಟಪ್ಪನಿಗೆ ತಾನು ಮಾಡಿದ್ದು ಏನು ಎಂಬುದೇ ತಿಳಿಯಲಿಲ್ಲ. "ಹೊಸಾ ಹುರಿ ಹಸಿದು ಇಡೂಕೆ ಆಗೂದಿಲ್ಲ ಒಡೆಯಾ. ಚಕ್ಕೆ ನೀರಲ್ಲಿ ಬೇಯಿಸ್ದೇ ಇದ್ರೆ ಕೊಳ್ತು ಹೋತದೆ. ಅಜ್ಜನ ಕಾಲದಿಂದ ಹಾಂಗೇ."

"ಇದು ಕೊಳೆಯುವುದಿಲ್ಲ ಮಾರಾಯಾ," ಎಂದೆ ನಾನು, ಹಲ್ಲು ಕಚ್ಚಿ. "ಅದಕ್ಕಾಗಿಯೇ ಅಲ್ಲವೇ ತರಿಸಿದ್ದು!"

"ಅದು ನಮ್ಗೆಂತ ಗೊತ್ತು? ಹುರಿ ಅಂದ್ರಿ. ಅಕ್ಕ ಹಂಡೆಗೆ ಹಾಕ್ದಳು."

ಬಾಗಿಲಲ್ಲಿ ನಿಂತಿದ್ದ ಮಾದೇವಿ ಅಳುಕಲಿಲ್ಲ. "ಬೆಳ್ಳಗಿನ ಬಲೆ ಬಿಟ್ರೆ ಮೀನು ಕಂಡು ಓಡ್ತದೆ. ನಾನು ಒಳ್ಳೇದೇ ಮಾಡ್ದೆ," ಅಂದಳು.

ದೇಶಪಾಂಡೆಯವರು ಕನ್ನಡಕ ತೆಗೆದು ಒರೆಸಿದರು. ಮೊಹರು ಒಡೆದ ಮಾದರಿ ಎಂದರೆ ಸಂಶಯಕ್ಕೆ ಕಾಲು ಬಂದ ಹಾಗೆ. ನಾನು ಹೇಳಿ ನೋಡಿದೆ: ಸೀರೆಯ ಮಗ್ಗಕ್ಕೆ ಮಾರುವ ಮನಸ್ಸಿದ್ದವರು ಕೈಗೆ ಬಂದ ಮೊದಲ ಲಡಿಯನ್ನೇ ಚಕ್ಕೆಯ ಹಂಡೆಯಲ್ಲಿ ಬೇಯಿಸುತ್ತಾರೆಯೇ? ಇವರ ಮನಸ್ಸಿನಲ್ಲಿ ಇರುವುದು ಬಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

"ಸುಂಕದ ಪುಸ್ತಕದಾಗ ಮನಸ್ಸಿಗೆ ದರಾ ಇಲ್ಲ," ಅಂದರು ಅವರು. "ಮಾಲು ಬಂದ ಸ್ಥಿತಿಯೊಳಗ ಏನದ, ಅಷ್ಟ ನೋಡೂದು. ಅವರು ಬಲಿ ಮಾಡ್ತಾರೋ ಸೀರಿ ಮಾಡ್ತಾರೋ, ನಮಗ ಸಂಬಂಧ ಇಲ್ಲ."

ಇಲಾಖೆಯ ಹೊಸಬರು ಇದನ್ನು ಗಮನಿಸಬೇಕು. ಅವರು ಹೇಳಿದ್ದು ಕಾಯಿದೆಯ ಪ್ರಕಾರ ನೂರಕ್ಕೆ ನೂರು ಸರಿ. ಬಡವರು ಎಂದು ಕನಿಕರಪಟ್ಟು ಒಂದು ವರ್ಗ, ಶ್ರೀಮಂತರು ಎಂದು ಇನ್ನೊಂದು ವರ್ಗ ಎಂದು ಮಾಡಿದರೆ ನಮ್ಮ ಕೆಲಸಕ್ಕೆ ಅರ್ಥವೇ ಇರುವುದಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆ ದಿನ ಆ ಸಿಟ್ಟು ಒಳ್ಳೆಯ ದಾರಿಗೆ ಹೋಯಿತು. ಅವರ ಮಾತನ್ನೇ ಹಿಡಿದುಕೊಂಡೆ.

"ಮನಸ್ಸಿಗೆ ದರ ಇಲ್ಲದಿದ್ದರೆ ಸಂಶಯಕ್ಕೂ ದರ ಇಲ್ಲ ಸಾಹೇಬರೇ. ಬಿಚ್ಚಿ ನೂಲು ಮಾಡುತ್ತಾರೆ ಎನ್ನುವುದು ನಿಮ್ಮ ಸಂಶಯ, ಮಾಲಿನ ಸ್ಥಿತಿ ಅಲ್ಲ. ಬಿಚ್ಚಿದರೆ ಅದು ನೂಲಾಗುತ್ತದೋ ಇಲ್ಲವೋ, ಮಾಲನ್ನೇ ಕೇಳುವ. ಬೆಳ್ಳಗಿನ ಲಡಿ ನಿಮ್ಮ ಮುಂದೆಯೇ ಇದೆ. ಕೈಯಾರೆ ನೀವೇ ಬಿಚ್ಚಿ."

ನನಗಿಂತ ಎಷ್ಟೋ ಮೆಟ್ಟಿಲು ಮೇಲಿನ ಅಧಿಕಾರಿ ಅವರು. ಒಂದು ಕಾಗದ ಬರೆದಿದ್ದರೆ ನನ್ನನ್ನು ಎತ್ತಿ ಎಲ್ಲಿಗೋ ಒಗೆಯಬಹುದಿತ್ತು. ಆದರೆ ದೇಶಪಾಂಡೆಯವರು ಕಸುಬುದಾರ ಮನುಷ್ಯ. ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು, ತೋಳು ಮಡಿಸಿ, ಮೊಳದಷ್ಟು ಹುರಿ ಕತ್ತರಿಸಿಕೊಂಡು ತಿರುವು ಬಿಚ್ಚಲು ಕುಳಿತರು.

ಎಳೆಗಳು ಬೇರೆಯಾದವು. ಆದರೆ ಒಂದೂ ನೇರವಾಗಲಿಲ್ಲ. ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿ. ಎರಡು ಕೈಯಲ್ಲಿ ಜಗ್ಗಿ ಹಿಡಿದರೆ ನೇರ, ಬಿಟ್ಟರೆ ಮತ್ತೆ ಸುರುಳಿ. ಕಾರಖಾನೆಯಲ್ಲಿ ಹೊಸೆದ ಮೇಲೆ ಕಾಯಿಸಿ ಆ ತಿರುವನ್ನು ಗಟ್ಟಿ ಮಾಡಿಬಿಟ್ಟಿದ್ದರು. ದೇಶಪಾಂಡೆಯವರು ನೀರು ತರಿಸಿ ಅದ್ದಿ ನೋಡಿದರು. ಆಗಲಿಲ್ಲ. ಕೊನೆಗೆ ದಪ್ಪನೆಯ ಸುಂಕದ ಪುಸ್ತಕದ ಕೆಳಗೆ ಎಳೆಗಳನ್ನು ನೇರವಾಗಿ ಹರಡಿ, ಮೇಲೆ ಇನ್ನೆರಡು ಪುಸ್ತಕ ಹೇರಿ, "ಊಟಾ ಮಾಡ್ಕೊಂಡು ಬರೋಣು," ಅಂದರು. ಜಟ್ಟಪ್ಪನೂ ಮಾದೇವಿಯೂ ಊಟಕ್ಕೆ ಏಳಲೇ ಇಲ್ಲ, ಜಗಲಿಯಲ್ಲಿ ಕುಳಿತು ಪಡುವಣದ ಮೋಡ ನೋಡುತ್ತಿದ್ದರು.

ಬಂದು ಪುಸ್ತಕ ಎತ್ತಿದರು. ಎತ್ತಿದ್ದೇ ತಡ, ಎಳೆಗಳು ನಮ್ಮ ಕಣ್ಣೆದುರಿಗೇ ಮುದುರಿ ಮತ್ತೆ ಸುರುಳಿಯಾದವು.

ದೇಶಪಾಂಡೆಯವರು ಕಂದು ಲಡಿಯನ್ನೂ ಬಿಚ್ಚಿ ನೋಡಿದರು. ಹಂಡೆಯಲ್ಲಿ ಬೆಂದದ್ದರಿಂದ ಅದರ ತಿರುವು ಇನ್ನೂ ಗಟ್ಟಿಯಾಗಿತ್ತು. ಆಮೇಲೆ ಮುಖದಲ್ಲಿ ಒಂದು ನಗು ಬಂತು.

"ನಮ್ಮ ಅಜ್ಜೀ ಮನಿ ಬೆಟಗೇರಿ. ಮನೀ ಮುಂದನ ಮಗ್ಗ ಇದ್ವು. ಈ ನೂಲು ಒಯ್ದು ಹಾಸು ಹೊಕ್ಕಿಗೆ ಹಾಕು ಅಂತ ಕೊಟ್ರ, ನೇಕಾರ ನನ್ನ ಮಾರೀಗೆ ಒಗೀತಾನ." ನನ್ನ ಕಡೆ ತಿರುಗಿ, "ಹುರಿ ಬಿಚ್ಚಿದ್ರೂ ಹುರೀನ ಅದ. ನೀವು ಹಾಕಿದ ವರ್ಗ ಬರೋಬರಿ ಅದ," ಅಂದರು.

ಅಷ್ಟು ದೊಡ್ಡ ಹೆಸರಿನ ಅಧಿಕಾರಿ ಎಲ್ಲರ ಎದುರು ಹಾಗೆ ಹೇಳಿದಾಗ ನನಗಾದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ. ಬಡ್ತಿ ಸಿಕ್ಕ ದಿನಗಳು ಮರೆತಿವೆ, ಆ ಮಾತು ಮರೆತಿಲ್ಲ. ಅವರು ದೊಡ್ಡತನದವರು. ತಮ್ಮ ಸಂಶಯವನ್ನು ತಮ್ಮ ಕೈಯಿಂದಲೇ ಪರೀಕ್ಷೆ ಮಾಡಿ, ತಾವೇ ಬಿಟ್ಟುಕೊಟ್ಟರು. ಮೊಹರು ಒಡೆದದ್ದಕ್ಕೆ ಜಟ್ಟಪ್ಪನಿಗೆ ಒಂದು ಎಚ್ಚರಿಕೆ ಕೊಟ್ಟು, ಅಲ್ಲೇ ಕುಳಿತು, ಎಳೆಗಳ ಪರೀಕ್ಷೆಯನ್ನೆಲ್ಲ ವಿವರವಾಗಿ ಹೇಳಿ ನಿರ್ಣಯ ಬರೆದು ಸಹಿ ಹಾಕಿದರು.

ಹೊರಗೆ ಮಾದೇವಿ ಎದ್ದು ನಿಂತಿದ್ದಳು. "ಎಂತ ಅಂತ ಬರದ್ರಿ ಒಡೆಯಾ?"

"ಬಲಿ ಹುರಿ ಅಂತ," ಅಂದರು ದೇಶಪಾಂಡೆಯವರು.

"ಅದು ನಮ್ಗೆ ಮೊದ್ಲೇ ಗೊತ್ತಿತ್ತು. ಅಷ್ಟು ಬರೆಯೂಕೆ ನೀವು ಅಷ್ಟು ದೂರದಿಂದ ಬರ್ಬೇಕಾಯ್ತಾ?"

ಜಟ್ಟಪ್ಪ ಅಕ್ಕನ ಸೆರಗು ಹಿಡಿದು ಜಗ್ಗಿದ. ದೇಶಪಾಂಡೆಯವರಿಗೆ ಸಿಟ್ಟು ಬರಲಿಲ್ಲ. "ಬರಬೇಕಾಗ್ತದವ್ವಾ. ನಿನಗ ಗೊತ್ತಿದ್ರ ಇದು ತದಡಿಯೊಳಗಷ್ಟ ಬಲಿ ಹುರಿ. ನಾನು ನೋಡಿ ಬರದ್ರ, ನಾಳೆ ಯಾವ ಬಂದರಿಗೆ ಬಂದ್ರೂ ಬಲಿ ಹುರಿ. ಇನ್ನೊಬ್ಬ ಮೀನಗಾರ ಹಿಂಗ ಬಾಗಲದಾಗ ಕೂಡೂದು ತಪ್ಪತದ."

ಮಾದೇವಿ ಅದನ್ನು ಸ್ವಲ್ಪ ಯೋಚಿಸಿದಳು. "ಹಾಂಗಾರೆ ಬಂದದ್ದು ಒಳ್ಳೇದೇ ಆತು," ಅಂದು ಗೋದಾಮಿನ ಕಡೆ ಹೊರಟಳು. ಮೂಟೆಗಳೆಲ್ಲ ತದಡಿ ಸೇರಿದ ಮೇಲೆಯೇ ಮಳೆ ಹಿಡಿಯಿತು.

ಮುಂದೆ ಹೊಸ ಕಾಯಿದೆ ಬಂತು, ಪ್ರಯೋಗಾಲಯಗಳು ಬಂದವು, ನಮ್ಮ ಬಂದರುಗಳಿಗೆ ಸ್ಟೀಮರು ಬರುವುದು ನಿಂತೇ ಹೋಯಿತು. ಈಗಿನವರು ಮಾಲಿನ ಚೂರನ್ನು ಯಂತ್ರಕ್ಕೆ ಕೊಟ್ಟು ಉತ್ತರ ಪಡೆಯುತ್ತಾರೆ. ಒಳ್ಳೆಯದೇ. ಆದರೆ ಯಂತ್ರ ಅದು ನೈಲಾನ್ ಎಂದು ಹೇಳುತ್ತದೆ. ನೂಲೋ ಹುರಿಯೋ ಎಂದು ಹೇಳಬೇಕಾದವರು ನೀವೇ.

ಆ ವರ್ಷ ನೂಲ ಹುಣ್ಣಿಮೆ ಕಳೆದು ತದಡಿಯಲ್ಲಿ ದೋಣಿ ಇಳಿಸುವ ದಿನ ಯಾಕೋ ಮನಸ್ಸು ತಡೆಯದೆ ನಾನೂ ಹೋದೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಹೊಸ ಬಲೆಯ ರಾಶಿ. ಮಳೆಗಾಲವಿಡೀ ಎಷ್ಟು ಕೈಗಳು ಕೂತು ಹೆಣೆದವೋ! ಅದರಲ್ಲಿ ಒಂದು ಗಂಟೂ ನಾನು ಹಾಕಿದ್ದಲ್ಲ, ಆದರೂ ಎದೆ ತುಂಬಿ ಬಂತು.

ಜಟ್ಟಪ್ಪ ನನ್ನನ್ನು ಕಂಡು ದೋಣಿಯಿಂದಲೇ ಕೂಗಿದ: "ಒಡೆಯಾ, ಬತ್ರ್ಯಾ?"

ಹಡಗಾಗಲಿ ದೋಣಿಯಾಗಲಿ, ಅಲ್ಲಿಯವರೆಗೆ ಹತ್ತಿದಾಗಲೆಲ್ಲ ಒಳಗೆ ಏನಿದೆ, ಎಲ್ಲಿಂದ ಬಂತು, ಯಾರದು ಎಂದು ಕೇಳಿಯೇ ಹತ್ತಿದವನು ನಾನು. ಆ ದಿನ ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ಪ್ಯಾಂಟು ಮಡಿಸಿ, ಅವನು ಚಾಚಿದ ಕೈ ಹಿಡಿದು, ಏನೂ ಕೇಳದೆ ಹತ್ತಿದೆ.